ಬರ್ಕ್ ಅನ್ನೋದು ಐರಿಷ್ ಹೆಸರಾ, ಇಂಗ್ಲಿಷ್ ಹೆಸರಾ?

ಓದುಗರ ಪ್ರಶ್ನೆ: ಬ್ರಿಟಿಷ್ ಸಂಸತ್ತಿನಲ್ಲಿದ್ದ ಎಡ್ಮಂಡ್ ಬರ್ಕ್ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು ಅಂತ ಓದಿದೆ. ಆದರೆ ನನಗೆ ಗೊತ್ತಿರುವ ಐರಿಷ್ ಹೆಸರುಗಳೆಲ್ಲ ಓ'ಬ್ರಯನ್, ಓ'ಕಾನರ್, ಮೆಕಾರ್ಥಿ ಥರದವು. ಬರ್ಕ್‌ಗೆ ಹಿಂದೆ 'ಓ' ಇಲ್ಲ, 'ಮ್ಯಾಕ್' ಕೂಡ ಇಲ್ಲ. ಹಾಗಾದರೆ ಇದು ಇಂಗ್ಲೆಂಡಿನ ಹೆಸರಾ? ಬೆಂಗಳೂರಿನ ಮೇಯೋ ಹಾಲ್‌ಗೆ ಹೆಸರು ಕೊಟ್ಟ ಲಾರ್ಡ್ ಮೇಯೋ ಕೂಡ ಇದೇ ಮನೆತನದವನು ಅಂತಾರೆ, ನಿಜವಾ?

ಉತ್ತರ: ಲಾರ್ಡ್ ಮೇಯೋ ವಿಷಯ ನಿಜ. ಅವನ ಪೂರ್ತಿ ಹೆಸರು ರಿಚರ್ಡ್ ಸೌತ್‌ವೆಲ್ ಬರ್ಕ್. ಮೇಯೋ ಅನ್ನೋದು ಪದವಿಯ ಹೆಸರು, ಐರ್ಲೆಂಡಿನ ಪಶ್ಚಿಮಕ್ಕಿರುವ ಒಂದು ಕೌಂಟಿಯದು.

ಇನ್ನು ಮನೆತನದ ಹೆಸರು. ಅದು ಹೊರಗಿನಿಂದ ಬಂದಿದ್ದು. ಆದರೆ ಐರಿಷ್ ಆಗಿದ್ದು ಐರ್ಲೆಂಡಿನಲ್ಲೇ, ಅದೂ ಒಂದು ಆಸ್ತಿ ಜಗಳದ ದೆಸೆಯಿಂದ. ಆ ಜಗಳದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಅದನ್ನು ಬಿಟ್ಟರೆ ಈ ಪ್ರಶ್ನೆಗೆ ಉತ್ತರ ಸಿಗಲ್ಲ.

ಫ್ರಾನ್ಸಿನ ಉತ್ತರ ಭಾಗದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದರು. ನೂರು ವರ್ಷ ಕಳೆದ ಮೇಲೆ ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತ್ಯದ ರಾಜ ಡರ್ಮಟ್ ಮ್ಯಾಕ್‌ಮರೋ, ಕೈತಪ್ಪಿದ ಗದ್ದುಗೆಯನ್ನು ವಾಪಸ್ ಪಡೆಯಲು ವೇಲ್ಸ್ ಕಡೆಯ ನಾರ್ಮನ್ ಸರದಾರರನ್ನು ಕರೆಸಿಕೊಂಡ. 1169ರಲ್ಲಿ ಅವರು ವೆಕ್ಸ್‌ಫರ್ಡ್ ತೀರದಲ್ಲಿ ಇಳಿದರು. ಸಹಾಯಕ್ಕೆ ಬಂದವರು ಅಲ್ಲೇ ಬೇರು ಬಿಟ್ಟರು. ಫಿಟ್ಸ್‌ಜೆರಾಲ್ಡ್, ಬಟ್ಲರ್, ಪವರ್, ರೋಚ್, ಬ್ಯಾರಿ, ವಾಲ್ಶ್. ಇವತ್ತು ನಾವು ಪಕ್ಕಾ ಐರಿಷ್ ಅಂದುಕೊಳ್ಳುವ ಈ ಹೆಸರುಗಳೆಲ್ಲ ಆ ಅಲೆಯಲ್ಲಿ ತೇಲಿ ಬಂದವು.

ಬರ್ಕ್‌ಗಳ ಮೂಲಪುರುಷ ವಿಲಿಯಂ ಡಿ ಬರ್ಗ್ ಬಂದಿದ್ದು ಸ್ವಲ್ಪ ತಡವಾಗಿ, 1185ರ ಹೊತ್ತಿಗೆ, ರಾಜಕುಮಾರ ಜಾನ್‌ನ ದಂಡಿನ ಜೊತೆ. ಜಾನ್‌ನ ಆ ಪ್ರವಾಸ ಶುರುವಿನಲ್ಲೇ ಕೆಟ್ಟಿತ್ತು. ಸ್ವಾಗತಕ್ಕೆ ಬಂದ ಐರಿಷ್ ನಾಯಕರ ಉದ್ದನೆಯ ಗಡ್ಡ ನೋಡಿ ಅವನ ಜೊತೆಗಿದ್ದ ಹುಡುಗರು ನಕ್ಕು, ಗಡ್ಡ ಹಿಡಿದು ಎಳೆದರಂತೆ. ಜೊತೆಯಲ್ಲೇ ಬಂದಿದ್ದ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ಇದನ್ನು ಬರೆದಿಟ್ಟಿದ್ದಾನೆ. ವಿಲಿಯಂ ಮಾತ್ರ ಜಾಣ. ಲಿಮರಿಕ್, ಟಿಪ್ಪರೆರಿ ಕಡೆ ಜಮೀನು ಹಿಡಿದ. ಐರಿಷ್ ರಾಜ ಡೋನಲ್ ಓ'ಬ್ರಯನ್‌ನ ಮಗಳನ್ನು ಮದುವೆಯಾದ. ಆಮೇಲೆ ಪಶ್ಚಿಮದ ಕನಾಟ್ ಪ್ರಾಂತ್ಯದ ಮೇಲೆ ಕಣ್ಣು ಹಾಕಿದ. ದೆಹಲಿಯ ಕನಾಟ್ ಪ್ಲೇಸ್‌ಗೆ ಒಬ್ಬ ಡ್ಯೂಕ್‌ನ ಮೂಲಕ ಹೆಸರು ಬಂದಿದ್ದು ಇದೇ ಪ್ರಾಂತ್ಯದಿಂದ. ಅಲ್ಲಿ ಅವನು ಚರ್ಚುಗಳನ್ನೂ ಬಿಡದೆ ಲೂಟಿ ಮಾಡಿದ. ಅವನು ಸತ್ತಾಗ ಐರಿಷ್ ವೃತ್ತಾಂತಗಳನ್ನು ಬರೆದವರು ಅವನಿಗೆ ದೇವರೇ ಶಿಕ್ಷೆ ಕೊಟ್ಟನೆಂದು ಬರೆದರು. ಬಾಯಲ್ಲಿ ಹೇಳೋಕೂ ನಾಚಿಕೆಯಾಗುವಂಥ ಕಾಯಿಲೆ ಬಂದು ಸತ್ತ, ಅಷ್ಟೇ. ಯಾವ ಕಾಯಿಲೆ ಅಂತ ಮಾತ್ರ ಹೇಳಿಲ್ಲ.

ಅಪ್ಪನಿಂದ ಪೂರ್ತಿಯಾಗದ ಕೆಲಸವನ್ನು ಮಗ ರಿಚರ್ಡ್ 1235ರಲ್ಲಿ ಮುಗಿಸಿದ. ಕನಾಟ್ ಡಿ ಬರ್ಗ್‌ಗಳ ಕೈಗೆ ಬಂತು. ಗಾಲ್ವೇಯಲ್ಲಿ ಅವನು ಕಟ್ಟಿಸಿದ ಕೋಟೆಯ ಸುತ್ತ ಊರು ಬೆಳೆಯಿತು. ವಿಲಿಯಂನ ಮೊಮ್ಮಗನ ಕಾಲಕ್ಕೆ ಉತ್ತರದ ಅಲ್‌ಸ್ಟರ್‌ನ ಅರ್ಲ್ ಪದವಿಯೂ ಸೇರಿತು. ಆ ಮೇಲಿನ ತಲೆಮಾರಿನ 'ರೆಡ್ ಅರ್ಲ್' ರಿಚರ್ಡ್ ಐರ್ಲೆಂಡಿನಲ್ಲೇ ದೊಡ್ಡ ಜಮೀನ್ದಾರ. ಅವನು ಇಂಗ್ಲೆಂಡಿನ ರಾಜನ ಪರವಾಗಿ ಸ್ಕಾಟ್ಲೆಂಡಿಗೆ ದಂಡು ಕಟ್ಟಿಕೊಂಡು ಹೋದವನು. ಆದರೆ ಅವನ ಮಗಳು ಎಲಿಜಬೆತ್ ಕೈಹಿಡಿದದ್ದು ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್‌ನನ್ನು. ಮುಂದೆ ಬ್ರೂಸ್ ಇಂಗ್ಲೆಂಡಿನ ವಿರುದ್ಧವೇ ತಿರುಗಿಬಿದ್ದು ರಾಜನಾದ. ಅಪ್ಪ ಒಂದು ಕಡೆ, ಅಳಿಯ ಇನ್ನೊಂದು ಕಡೆ. ನಡುವೆ ಆಕೆ ಇಂಗ್ಲಿಷರ ಸೆರೆಯಲ್ಲಿ 8 ವರ್ಷ ಕಳೆದಳು. ಗಾಲ್ವೇ ಪೇಟೆಯಲ್ಲಿ ಈ ರೆಡ್ ಅರ್ಲ್‌ನ ಸಭಾಂಗಣದ ತಳಪಾಯ ಅಗೆದಾಗ ಸಿಕ್ಕಿದೆ. ಗಾಜಿನ ಆಚೆಗಿರುವ ಆ ಕಲ್ಲುಗೋಡೆಗಳನ್ನು ಇವತ್ತೂ ಹೋಗಿ ನೋಡಬಹುದು.

ಜಗಳ ಶುರುವಾಗಿದ್ದು ಅವನ ಮೊಮ್ಮಗನ ಕಾಲದಲ್ಲಿ. ಅವನ ಹೆಸರೂ ವಿಲಿಯಂ, 'ಬ್ರೌನ್ ಅರ್ಲ್' ಅಂತ ಕರೆಯುತ್ತಿದ್ದರು. ಅವನಿಗೂ ದಾಯಾದಿ ವಾಲ್ಟರ್‌ಗೂ ಆಗಿಬರಲಿಲ್ಲ. ಅರ್ಲ್ ಅವನನ್ನು ಹಿಡಿಸಿ, ಡೊನಗಾಲ್ ತೀರದ ಕೋಟೆಯಲ್ಲಿ ಕೂಡಿಹಾಕಿ, 1332ರಲ್ಲಿ ಅನ್ನ ನೀರು ಕೊಡದೆ ಸಾಯಿಸಿದ. ವಾಲ್ಟರ್‌ನ ತಂಗಿಯನ್ನು ಅಲ್‌ಸ್ಟರ್‌ನ ಮ್ಯಾಂಡೆವಿಲ್ ಎಂಬ ಮನೆತನಕ್ಕೆ ಕೊಟ್ಟಿದ್ದರು. ಅವಳು ಗಂಡನ ಕಡೆಯವರನ್ನು ಎತ್ತಿಕಟ್ಟಿದಳು ಅನ್ನುತ್ತಾರೆ. 1333ರ ಜೂನ್‌ನಲ್ಲಿ ಕ್ಯಾರಿಕ್‌ಫರ್ಗಸ್ ಹತ್ತಿರ ಅರ್ಲ್‌ನನ್ನು ಅವನ ಜೊತೆಯಲ್ಲಿದ್ದವರೇ ಕೊಂದರು. ಅವನಿಗಿನ್ನೂ 20 ವರ್ಷ. ಇದ್ದಿದ್ದು ಒಂದೇ ಮಗು, ವರ್ಷವೂ ತುಂಬದ ಹೆಣ್ಣು ಕೂಸು. ತಾಯಿ ಮಗುವನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಓಡಿದಳು.

ಇಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದವು. ಇಂಗ್ಲಿಷ್ ಕಾನೂನಿನ ಪ್ರಕಾರ ಗಂಡು ಮಕ್ಕಳಿಲ್ಲದಿದ್ದರೆ ಮಗಳೇ ಹಕ್ಕುದಾರಳು. ಅಂದರೆ ಅವಳನ್ನು ಮದುವೆಯಾಗುವವನಿಗೆ ಅಲ್‌ಸ್ಟರ್, ಕನಾಟ್ ಎರಡೂ ಸೇರುತ್ತವೆ. ಮೂರನೇ ಎಡ್ವರ್ಡ್ ರಾಜ ಇದನ್ನು ಬಿಡುತ್ತಾನೆಯೇ? ತನ್ನ ಮಗ ಲಯನಲ್‌ಗೆ ಆ ಹುಡುಗಿಯನ್ನು ಗೊತ್ತು ಮಾಡಿದ. ಆಗ ವರನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಆದರೆ ಐರಿಷರ ಬ್ರೆಹನ್ ಕಾನೂನಿನಲ್ಲಿ ಮುಖ್ಯಸ್ಥನ ಜಾಗಕ್ಕೆ ಬರುವುದು ವಂಶದೊಳಗಿನ ಸಮರ್ಥ ಗಂಡಸು. ಕನಾಟ್‌ನಲ್ಲಿ ಕೂತಿದ್ದ ಡಿ ಬರ್ಗ್ ದಾಯಾದಿಗಳಿಗೆ ಯಾವ ಕಾನೂನು ರುಚಿಸಿತು ಅಂತ ಬಿಡಿಸಿ ಹೇಳಬೇಕಾ?

ಹೋರಾಟ ಹಲವು ವರ್ಷ ನಡೆಯಿತು. 1338ರಲ್ಲಿ ದಾಯಾದಿ ಎಡ್ಮಂಡ್, ರೆಡ್ ಅರ್ಲ್‌ನ ಬದುಕಿದ್ದ ಮಗನನ್ನು ಕುತ್ತಿಗೆಗೆ ಕಲ್ಲು ಕಟ್ಟಿ ಮಾಸ್ಕ್ ಸರೋವರಕ್ಕೆ ತಳ್ಳಿಸಿದ. ಸತ್ತವನ ಹೆಸರೂ ಎಡ್ಮಂಡೇ. ಕೊನೆಗೆ ಕನಾಟ್ ಎರಡು ಪಾಲಾಯಿತು. ಉತ್ತರದ ಮೇಯೋ ಭಾಗ ಈ ಎಡ್ಮಂಡ್‌ನ ವಂಶಕ್ಕೆ, ದಕ್ಷಿಣದ ಗಾಲ್ವೇ ಭಾಗ ಇನ್ನೊಂದು ಕವಲಿಗೆ. ಎರಡೂ ಕಡೆಯ ಮುಖ್ಯಸ್ಥರು ಅರ್ಲ್ ಅನ್ನೋ ಮಾತನ್ನೇ ಬಿಟ್ಟು, ಮೂಲಪುರುಷನ ಹೆಸರು ಹಿಡಿದು 'ಮ್ಯಾಕ್‌ವಿಲಿಯಂ' ಅಂತ ಕರೆಸಿಕೊಂಡರು. ಅಲ್ಲಿಗೆ ನೀವು ಕೇಳಿದ 'ಮ್ಯಾಕ್' ಕೂಡ ಬಂತು! ಕಿರಿಯ ಕವಲುಗಳೂ ಇದೇ ದಾರಿ ಹಿಡಿದವು. ಇವತ್ತಿನ ಜೆನಿಂಗ್ಸ್, ಫಿಲ್ಬಿನ್, ಮೇಯೋ ಕಡೆಯ ಗಿಬ್ಬನ್ಸ್ ಮನೆತನಗಳು ಬರ್ಕ್ ಮರದ ಕೊಂಬೆಗಳೇ.

ಇಂಥ ನಾರ್ಮನ್ನರ ಬಗ್ಗೆ 'ಐರಿಷರಿಗಿಂತ ಹೆಚ್ಚು ಐರಿಷ್ ಆದರು' ಎಂಬ ಮಾತು ತುಂಬಾ ಚಲಾವಣೆಯಲ್ಲಿದೆ. ಭಾಷೆ, ಹಾಡು, ಸಂಸ್ಕೃತಿಗೆ ಮನಸೋತು ಬದಲಾದರು ಅನ್ನೋ ಅರ್ಥದಲ್ಲಿ. ಬರ್ಕ್‌ಗಳ ವಿಷಯದಲ್ಲಿ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಮನಸೋತಿದ್ದರೂ ಇರಬಹುದು. ಆದರೆ ಇಂಗ್ಲಿಷ್ ಆಗಿ ಉಳಿದಿದ್ದರೆ ಜಮೀನು ಹೋಗುತ್ತಿತ್ತು, ಐರಿಷ್ ಆದರೆ ಉಳಿಯುತ್ತಿತ್ತು. ಲೆಕ್ಕ ಅಷ್ಟು ಸರಳ.

ಜಮೀನು ಕಳೆದುಕೊಂಡ ಅಳಿಯ ಲಯನಲ್ ಮುಂದೆ ರಾಜನ ಪ್ರತಿನಿಧಿಯಾಗಿ ಐರ್ಲೆಂಡಿಗೇ ಬಂದ. 1366ರಲ್ಲಿ ಅವನು ಕೂಡಿಸಿದ ಸಭೆ ಕಿಲ್ಕೆನ್ನಿ ಶಾಸನಗಳನ್ನು ಹೊರಡಿಸಿತು. ಐರ್ಲೆಂಡಿನ ಇಂಗ್ಲಿಷರು ಐರಿಷ್ ಮಾತಾಡಬಾರದು, ಐರಿಷರ ಜೊತೆ ಮದುವೆ ಮಾಡಿಕೊಳ್ಳಬಾರದು, ಬ್ರೆಹನ್ ಕಾನೂನು ಪಾಲಿಸಬಾರದು, ಜೀನು ಹಾಕದೆ ಕುದುರೆ ಹತ್ತಬಾರದು, ಕೋಲು ಚೆಂಡಿನ ಹರ್ಲಿಂಗ್ ಆಟ ಆಡಬಾರದು. ಕನಾಟ್‌ನ ಬರ್ಕ್‌ಗಳು ಇದಕ್ಕೆಲ್ಲ ಕವಡೆ ಕಿಮ್ಮತ್ತೂ ಕೊಡಲಿಲ್ಲ. 2017ರಲ್ಲಿ ಗಾಲ್ವೇ ತಂಡ 29 ವರ್ಷಗಳ ನಂತರ ಅಖಿಲ ಐರ್ಲೆಂಡ್ ಹರ್ಲಿಂಗ್ ಪ್ರಶಸ್ತಿ ಗೆದ್ದಾಗ ನಾಯಕನಾಗಿದ್ದವರು ಡೇವಿಡ್ ಬರ್ಕ್. ಹಿಂದೆ ರಕ್ಷಣೆಗೆ ನಿಂತಿದ್ದವರು ಡಾಹಿ ಬರ್ಕ್.

ಹೆಸರಿನ ರೂಪದ ಬಗ್ಗೆ ಒಂದೆರಡು ಮಾತು. 'ಬರ್ಗ್' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಕೋಟೆ ಇರುವ ಊರು, ಎಡಿನ್‌ಬರ್ಗ್‌ನಲ್ಲಿ ಇರುವುದೂ ಅದೇ. ಐರಿಷ್ ಬಾಯಲ್ಲಿ 'ಡಿ ಬೂರ್ಕ' ಆಯಿತು, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಬರುವಾಗ 'ಬರ್ಕ್' ಆಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಕಾಗುಣಿತ, ಒಂದರಲ್ಲಿ 'ಓ' ಅಕ್ಷರ ಜಾಸ್ತಿ. ಅದು ಮೇಯೋ ಕಡೆ ಹೆಚ್ಚು. ಉಚ್ಚಾರ ಎರಡಕ್ಕೂ ಒಂದೇ.

ಮೇಯೋ ಕವಲಿನ ಒಬ್ಬನಿಗೆ 'ಕಬ್ಬಿಣದ ರಿಚರ್ಡ್' ಅಂತ ಅಡ್ಡಹೆಸರು. ಇವನು ನೆನಪಿನಲ್ಲಿ ಉಳಿದಿರುವುದು ಹೆಂಡತಿಯಿಂದ. ಆಕೆ ಗ್ರೇಸ್ ಓ'ಮ್ಯಾಲಿ, ಐರಿಷರ ಗ್ರಾನ್ಯವೇಲ್. ಸ್ವಂತ ಹಡಗುಗಳಿದ್ದ, ಸಮುದ್ರದಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಗಟ್ಟಿಗಿತ್ತಿ. ಒಂದು ವರ್ಷದ ಕರಾರಿನ ಮೇಲೆ ಮದುವೆಯಾದಳಂತೆ. ವರ್ಷ ಮುಗಿದ ದಿನ ಗಂಡನ ಕೋಟೆಯ ಬಾಗಿಲು ಹಾಕಿಕೊಂಡು, ಮೇಲಿನಿಂದಲೇ 'ನಿನ್ನನ್ನು ಬಿಟ್ಟಿದ್ದೇನೆ, ಹೊರಡು' ಅಂದಳು ಎಂದು ಜನ ಹೇಳುತ್ತಾರೆ. ಕಥೆಯಲ್ಲಿ ಕೋಟೆ ಅವಳಲ್ಲೇ ಉಳಿಯುತ್ತದೆ. 1593ರಲ್ಲಿ, ಬಂಧನದಲ್ಲಿದ್ದ ಮಗನನ್ನು ಬಿಡಿಸಲು ಆಕೆ ಲಂಡನ್ನಿಗೆ ಹೋಗಿ ಎಲಿಜಬೆತ್ ರಾಣಿಯನ್ನೇ ಕಂಡದ್ದು ಮಾತ್ರ ಕಥೆಯಲ್ಲ, ಇತಿಹಾಸ. ಆ ಮಗ ಟಿಬಟ್ ಬರ್ಕ್ 1627ರಲ್ಲಿ ಮೇಯೋದ ಮೊದಲ ವೈಕೌಂಟ್ ಆದ.

ಈಗ ನಿಮ್ಮ ಎಡ್ಮಂಡ್ ಬರ್ಕ್. 1729ರಲ್ಲಿ ಹುಟ್ಟಿದವನು. ಅಪ್ಪ ಪ್ರಾಟೆಸ್ಟಂಟ್, ಅಮ್ಮ ಕಾರ್ಕ್ ಕಡೆಯ ಕ್ಯಾಥೊಲಿಕ್. ಬ್ರಿಟಿಷ್ ಸಂಸತ್ತಿನಲ್ಲಿ ಕೂತು ಈಸ್ಟ್ ಇಂಡಿಯಾ ಕಂಪನಿಯ ಬೆನ್ನು ಬಿದ್ದವನು. ವಾರನ್ ಹೇಸ್ಟಿಂಗ್ಸ್ ಮೇಲೆ 1788ರಿಂದ 1795ರವರೆಗೆ ವಿಚಾರಣೆ ನಡೆಸಿದ. ಹೇಸ್ಟಿಂಗ್ಸ್ ಖುಲಾಸೆಯಾದ, ಅದು ಬೇರೆ ಮಾತು. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ್ದು ಅವನ 1785ರ ಭಾಷಣ. ವಿಷಯ ಆರ್ಕಾಟ್ ನವಾಬನ ಸಾಲ. ಅದರಲ್ಲಿ 1780ರಲ್ಲಿ ಮೈಸೂರಿನ ಹೈದರ್ ಅಲಿ ಘಟ್ಟ ಇಳಿದು ಆರ್ಕಾಟ್ ಸೀಮೆಗೆ ನುಗ್ಗಿದ್ದನ್ನು ವರ್ಣಿಸುತ್ತಾನೆ. ಹೈದರ್ ಕೋಪವನ್ನೆಲ್ಲ ಒಂದು ಕರಿಮೋಡವಾಗಿಸಿ ಬೆಟ್ಟದ ಇಳಿಜಾರಿನ ಮೇಲೆ ಹಿಡಿದಿಟ್ಟಿದ್ದ, ಆಮೇಲೆ ಅದು ಒಮ್ಮೆಲೇ ಒಡೆದು ಬಯಲಿನ ಮೇಲೆ ಸುರಿಯಿತು ಅನ್ನೋ ಅರ್ಥದ ಮಾತು ಅಲ್ಲಿದೆ. ಭಾರತಕ್ಕೆ ಒಮ್ಮೆಯೂ ಬಾರದ ಮನುಷ್ಯ ಇದನ್ನು ಬರೀ ಕಾಗದಪತ್ರ ಓದಿ ಕಟ್ಟಿದ!

ಲಾರ್ಡ್ ಮೇಯೋ 1869ರಲ್ಲಿ ವೈಸ್‌ರಾಯ್ ಆಗಿ ಬಂದ. 1872ರ ಫೆಬ್ರವರಿ 8ರಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದಾಗ, ಸಂಜೆ ದೋಣಿ ಹತ್ತುವ ಹೊತ್ತಿಗೆ ಶೇರ್ ಅಲಿ ಅಫ್ರಿದಿ ಎಂಬ ಕೈದಿ ಚಾಕುವಿನಿಂದ ಇರಿದು ಕೊಂದ. ಅಧಿಕಾರದಲ್ಲಿದ್ದಾಗಲೇ ಕೊಲೆಯಾದ ವೈಸ್‌ರಾಯ್ ಇವನೊಬ್ಬನೇ. ಹೆಣವನ್ನು ಐರ್ಲೆಂಡಿನ ಕಿಲ್ಡೇರ್‌ವರೆಗೆ ಸಾಗಿಸಿ ಹೂಳಿದರು. ದಾರಿಯಲ್ಲಿ ಕೆಡದಂತೆ ರಮ್‌ನಲ್ಲಿ ಇಟ್ಟಿದ್ದರೆಂಬ ಮಾತಿದೆ. ಅದಕ್ಕೇ ಆ ಊರಿನವರು 'ಉಪ್ಪಿನಕಾಯಿ ಅರ್ಲ್' ಅಂತ ಹೆಸರಿಟ್ಟರು. ಅಜ್ಮೀರದಲ್ಲಿ ಅವನ ಹೆಸರಿನ ಕಾಲೇಜು, ನಮ್ಮ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಎದ್ದವು. ಕೋರ್ಟ್ ಕೆಲಸಕ್ಕೆ ಅಲ್ಲಿಗೆ ಅಲೆದವರಿಗೆ ಆ ಕಟ್ಟಡದ ಪರಿಚಯ ಬೇರೆ ಥರ ಇರುತ್ತದೆ, ಬಿಡಿ.

ಆಸ್ಟ್ರೇಲಿಯಾದ ಶಾಲೆಗಳಲ್ಲಿ ಬರ್ಕ್ ಅಂದರೆ ಗಾಲ್ವೇಯ ರಾಬರ್ಟ್ ಓ'ಹಾರಾ ಬರ್ಕ್. 1860ರಲ್ಲಿ ಮೆಲ್ಬರ್ನ್‌ನಿಂದ ಖಂಡವನ್ನು ಉತ್ತರದವರೆಗೆ ದಾಟಲು ಹೊರಟ. ಒಂಟೆಗಳನ್ನು ಭಾರತದಿಂದ ತರಿಸಿದ್ದರು. ಉತ್ತರ ತೀರದ ಹತ್ತಿರ ಮುಟ್ಟಿ, ಹಸಿದು ಬಸವಳಿದು ಕೂಪರ್ಸ್ ಕ್ರೀಕ್ ಶಿಬಿರಕ್ಕೆ ವಾಪಸ್ ಬಂದಿದ್ದು 1861ರ ಏಪ್ರಿಲ್ 21ರ ಸಂಜೆ. ತಿಂಗಳುಗಟ್ಟಲೆ ಕಾದಿದ್ದ ತಂಡ ಅದೇ ದಿನ ಬೆಳಿಗ್ಗೆ ಹೊರಟುಹೋಗಿತ್ತು. ಬರ್ಕ್ ಅಲ್ಲೇ ಸುತ್ತಮುತ್ತ ಸತ್ತ. ಜೊತೆಗಿದ್ದ ಜಾನ್ ಕಿಂಗ್‌ನನ್ನು ಅಲ್ಲಿನ ಮೂಲನಿವಾಸಿಗಳು ಅನ್ನ ಕೊಟ್ಟು ಉಳಿಸಿಕೊಂಡರು.

ಕೆಟ್ಟ ಹೆಸರು ತಂದವನೂ ಒಬ್ಬನಿದ್ದಾನೆ. ವಿಲಿಯಂ ಬರ್ಕ್, 1828ರಲ್ಲಿ ಎಡಿನ್‌ಬರ್ಗ್‌ನಲ್ಲಿ ಗೆಳೆಯ ಹೇರ್ ಜೊತೆ ಸೇರಿ 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನೆ ಪಾಠಕ್ಕೆ ಮಾರಿದವನು. ಗಲ್ಲಿಗೇರಿಸಿದ ಮೇಲೆ ಅವನ ದೇಹವನ್ನೂ ಕೊಯ್ದು ಪಾಠ ಮಾಡಿದರು. ಅಸ್ಥಿಪಂಜರ ಇವತ್ತೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿದೆ.

ನಮ್ಮ ಕಾಲಕ್ಕೆ ಬಂದರೆ, 1990ರಲ್ಲಿ ಐರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷರಾದ ಮೇರಿ ರಾಬಿನ್ಸನ್ ಅವರ ತವರಿನ ಹೆಸರು ಬರ್ಕ್. ಊರು ಮೇಯೋದ ಬಲಿನಾ, ಹಾಗಾಗಿ ಕಾಗುಣಿತದಲ್ಲಿ ಆ ಹೆಚ್ಚಿನ 'ಓ' ಇದೆ. ಗಾಯಕ ಕ್ರಿಸ್ ಡಿ ಬರ್ಗ್ ಹುಟ್ಟಿದ್ದು ಡೇವಿಸನ್ ಆಗಿ, ಹಳೆಯ ನಾರ್ಮನ್ ರೂಪದ ಹೆಸರನ್ನು ಅವರು ತೆಗೆದುಕೊಂಡಿದ್ದು ತಾಯಿಯ ಕಡೆಯಿಂದ.