ಕ್ಯಾಪ್ಟನ್ ತಪ್ಪು ಮಾಡಿದರೆ ಕೋ-ಪೈಲಟ್ ಬಾಯಿ ಬಿಡ್ತಾರಾ?

ಓದುಗರ ಪ್ರಶ್ನೆ: "ನಮ್ಮ ಹುಡುಗ ಪೈಲಟ್ ಟ್ರೇನಿಂಗ್ ಮಾಡ್ಲಾಕತ್ತಾನ್ರಿ. ಮನ್ಯಾಗ ದೊಡ್ಡೋರ ಮುಂದ ಒಂದಿನಾನೂ ಎದುರು ಮಾತಾಡಿದವ ಅಲ್ಲ. ನಾಳೆ ದೊಡ್ಡ ವಿಮಾನದಾಗ ಕ್ಯಾಪ್ಟನ್ ತಪ್ಪು ಮಾಡಿದ್ರ ಇಂವ ಹೇಳ್ತಾನೇನ್ರಿ? ಹೇಳಿದ್ರ ಅವರು ಕೇಳ್ತಾರೇನ್ರಿ?" ಸೇಡಂ ಕಡೆಯ ಒಬ್ಬ ತಾಯಿ.

ಅಕ್ಕಾವ್ರೇ, ಪೈಲಟ್ ಪರೀಕ್ಷೆ ಬರೆಯುವ ಹುಡುಗರಿಗೆ ನಾನು ಪಾಠ ಹೇಳುತ್ತೇನೆ. ಈ ಪ್ರಶ್ನೆಯನ್ನು ಅವರ ಮನೆಯವರು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇರುತ್ತಾರೆ. ನೇರ ಉತ್ತರ ಇಷ್ಟು: ನಿಮ್ಮ ಮಗ ಬಾಯಿ ಬಿಡೋದು ಅರ್ಧಕ್ಕಿಂತ ಜಾಸ್ತಿ ಎಡಗಡೆ ಸೀಟಿನಲ್ಲಿ ಕೂತ ಕ್ಯಾಪ್ಟನ್ ಸ್ವಭಾವದ ಮೇಲೆ ನಿಂತಿದೆ. ಉಳಿದದ್ದು ಅವನ ಅಭ್ಯಾಸ.

ನಮ್ಮ ಬಸ್ಸಿನಿಂದಲೇ ಶುರು ಮಾಡುತ್ತೇನೆ. ಮೊನ್ನೆ ಕಲಬುರಗಿಯಿಂದ ಸೇಡಂಗೆ ಹೊರಟಿದ್ದೆ. ಸ್ಟ್ಯಾಂಡಿನಿಂದ ಬಸ್ಸು ಹೊರಗೆ ತಿರುಗುವಾಗ ಒಬ್ಬ ಅಜ್ಜಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ, ಕಂಕುಳಲ್ಲಿ ಗಂಟು. ಕಂಡಕ್ಟರ್ ಇಪ್ಪತ್ತೈದರ ಹುಡುಗ. "ಹೋಲ್ಡಾನ್!" ಅಂತ ಕೂಗಿ ಸೀಟಿ ಊದಿದ. ಡ್ರೈವರ್‌ಗೆ ರಿಟೈರ್ ಆಗುವ ವಯಸ್ಸು. ಅವರು ಹಿಂದೆ ತಿರುಗಲಿಲ್ಲ, ಯಾಕೆ ಅಂತ ಕೇಳಲಿಲ್ಲ, ಮೊದಲು ಬ್ರೇಕ್ ಒತ್ತಿದರು. ಅಜ್ಜಿ ಹತ್ತಿ ಕೂತ ಮೇಲೆ "ಏನಾಗಿತ್ತೋ ತಮ್ಮಾ?" ಅಂದರು. ಬಸ್ಸು ಡ್ರೈವರ್ ಕೈಯಲ್ಲೇ ಇದೆ, ಆದರೆ ಆ ಹುಡುಗನ ಸೀಟಿಗೆ ಬ್ರೇಕಿನಷ್ಟೇ ಬೆಲೆ.

ಪೈಲಟ್‌ಗಳು ಕೂರುವ ಕಾಕ್‌ಪಿಟ್‌ನಲ್ಲಿ ಹೋಲ್ಡಾನ್‌ಗೆ ಸಮನಾದ ಮಾತು "ಗೋ ಅರೌಂಡ್". ಈಗ ಇಳಿಯೋದು ಬೇಡ, ಎಂಜಿನ್ ಜೋರು ಮಾಡಿ ಮತ್ತೆ ಮೇಲೇರು, ಸುತ್ತು ಹಾಕಿ ಬಾ ಅಂತ ಅರ್ಥ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ವಿಮಾನದಲ್ಲಿ ಕೋ-ಪೈಲಟ್ ಈ ಮಾತನ್ನು ಮೂರು ಸಲ ಹೇಳಿದರು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಕಾಕ್‌ಪಿಟ್‌ನ ಧ್ವನಿ ದಾಖಲೆಯಲ್ಲಿ ಮೊದಲ 1 ಗಂಟೆ 40 ನಿಮಿಷ ಅವರ ಮಾತೇ ಇಲ್ಲ. ಎದ್ದ ಮೇಲೂ ಮಂಪರು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು, ಅದನ್ನು ಕಡಿದಾಗಿ ಇಳಿಸಿದರು. ಯಂತ್ರ ಕೂಡ ಎಚ್ಚರಿಕೆ ಕೂಗುತ್ತಿತ್ತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ಮೇಲಿನ ರನ್‌ವೇ ಅದು, ಮುಂದೆ ಕಣಿವೆ. 158 ಜನ ತೀರಿಕೊಂಡರು, 8 ಜನ ಉಳಿದರು.

ತನಿಖಾ ವರದಿಯಲ್ಲಿ ಒಂದು ವಿಷಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೋ-ಪೈಲಟ್ ಮೂರು ಸಲ ಕೂಗಿದರೂ ತಾವೇ ಕಂಟ್ರೋಲ್ ಹಿಡಿಯಲಿಲ್ಲ, ಯಾಕೆ? ಕೋ-ಪೈಲಟ್ ತಾನಾಗಿ ಗೋ ಅರೌಂಡ್ ಮಾಡಬಹುದಾ ಅನ್ನುವ ಬಗ್ಗೆ ಸೂಚನೆಗಳೇ ಗೊಂದಲವಾಗಿದ್ದವು, ಬಹುಶಃ ಅದಕ್ಕೇ ಇರಬೇಕು ಅಂತ ವರದಿ ಹೇಳುತ್ತದೆ. ನೋಡಿ, ಅವರಿಗೆ ತಪ್ಪು ಕಾಣಿಸಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದರು. ಕೈ ಮಾತ್ರ ಮುಂದೆ ಹೋಗಲಿಲ್ಲ.

ಹತ್ತು ವರ್ಷ ಆದ ಮೇಲೆ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಮಳೆಯ ರಾತ್ರಿ. ಅಲ್ಲಿಯೂ ಗುಡ್ಡದ ಮೇಲಿನ ರನ್‌ವೇ, ಅಲ್ಲಿಯೂ ಕೋ-ಪೈಲಟ್ ಬಾಯಲ್ಲಿ ಗೋ ಅರೌಂಡ್, ಅಲ್ಲಿಯೂ ಕ್ಯಾಪ್ಟನ್ ನಿಲ್ಲಿಸಲಿಲ್ಲ, ಕೋ-ಪೈಲಟ್ ಕಂಟ್ರೋಲ್ ಹಿಡಿಯಲಿಲ್ಲ. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು. ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಂತ ಸಿಟ್ಟಿನ ಕ್ಯಾಪ್ಟನ್‌ಗಳೆಲ್ಲ ಅಪಾಯಕಾರಿ, ನಗುನಗುತ್ತಾ ಇರುವವರೆಲ್ಲ ಒಳ್ಳೆಯವರು ಅಂತ ತಿಳಿಯಬೇಡಿ. ಜೋರು ಮಾತಿನವರಾದರೂ ಹೇಳಿದ್ದನ್ನು ತಕ್ಷಣ ಕಿವಿಗೆ ಹಾಕಿಕೊಳ್ಳುವವರು ಇರುತ್ತಾರೆ. ಕೋ-ಪೈಲಟ್‌ನ ನಾಲಿಗೆ ಕಟ್ಟುವುದು ಸಣ್ಣ ಸಣ್ಣ ವಿಷಯಗಳು. ಒಂದು ಪ್ರಶ್ನೆ ಕೇಳಿದ್ದಕ್ಕೆ "ನಿನ್ನ ಅನುಭವ ಎಷ್ಟು ಗಂಟೆ?" ಅನ್ನೋದು. ಹುಡುಗ ಮುಟ್ಟಿದ ಪ್ರತಿ ಸ್ವಿಚ್ಚನ್ನೂ ತಾವು ಮತ್ತೆ ಮುಟ್ಟೋದು. ಸರಿಯಾಗಿ ಹೇಳಿದಾಗಲೂ ಉತ್ತರ ಕೊಡದೆ ಕಿಟಕಿ ಕಡೆ ನೋಡೋದು. ಇಂಥ ಎರಡು ಹಾರಾಟ ಆದರೆ ಸಾಕು, ಮೂರನೆಯದರಲ್ಲಿ ಆ ಹುಡುಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾನೆ. ಕ್ಯಾಪ್ಟನ್‌ಗೆ ಎಲ್ಲ ಶಾಂತವಾಗಿದೆ ಅನ್ನಿಸುತ್ತದೆ, ಪಕ್ಕದಲ್ಲಿ ಎರಡು ಕಣ್ಣು ಮುಚ್ಚಿಹೋಗಿದ್ದು ಅವರಿಗೆ ಗೊತ್ತೇ ಆಗಲ್ಲ.

ಇನ್ನೊಂದು ತರಹದವರೂ ಇದ್ದಾರೆ. ತುಂಬಾ ಒಳ್ಳೆಯವರು, ಆದರೆ ಯಾರು ಏನು ಮಾಡಬೇಕು ಅಂತ ಹೇಳಲ್ಲ. ಅದೂ ಕಷ್ಟವೇ. 2009ರ ಮೇ 31ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ ವಿಮಾನದಲ್ಲಿ ಕ್ಯಾಪ್ಟನ್ ನಿಯಮದ ಪ್ರಕಾರವೇ ವಿಶ್ರಾಂತಿಗೆ ಎದ್ದು ಹೋದರು, ಆದರೆ ಹಿಂದೆ ಉಳಿದ ಇಬ್ಬರು ಕೋ-ಪೈಲಟ್‌ಗಳಿಗೆ ಸ್ಪಷ್ಟ ಸೂಚನೆ ಕೊಟ್ಟಿರಲಿಲ್ಲ ಅಂತ ತನಿಖೆ ಹೇಳಿತು. ಆಮೇಲೆ ವೇಗ ತೋರಿಸುವ ಮೀಟರ್‌ಗಳು ಕೈಕೊಟ್ಟಾಗ ಒಬ್ಬರು ಮಾಡುತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ. ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ 228 ಜನ ಇದ್ದರು, ಯಾರೂ ಉಳಿಯಲಿಲ್ಲ.

ಕ್ಯಾಪ್ಟನ್‌ಗೆ ಅಧಿಕಾರ ಇರಲೇಬೇಕು. ಟೇಕಾಫ್ ಓಟದಲ್ಲಿ ಎಂಜಿನ್‌ಗೆ ಬೆಂಕಿ ಹತ್ತಿದರೆ ನಿಲ್ಲಿಸಬೇಕಾ ಹಾರಬೇಕಾ ಅಂತ ಕೂತು ಮಾತಾಡೋಕೆ ಪುರುಸೊತ್ತು ಇರಲ್ಲ. ಉಳಿದ ಹೊತ್ತಿನಲ್ಲಿ ಆ ಅಧಿಕಾರ ಹೇಗೆ ಬಳಸುತ್ತಾರೆ ಅನ್ನೋದೇ ಎಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಇಳಿದ ಯುನೈಟೆಡ್ ವಿಮಾನದ ಕ್ಯಾಪ್ಟನ್ ಆಲ್ ಹೇನ್ಸ್ ಅವರ ಕಥೆ ನನ್ನ ಹುಡುಗರಿಗೆ ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ. ಬಾಲದ ಎಂಜಿನ್ ಒಡೆದು ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಗಿತ್ತು, ಸ್ಟಿಯರಿಂಗ್ ಇಲ್ಲದ ಲಾರಿಯಂತೆ. ಅವರು ಕೋ-ಪೈಲಟ್ ಮಾತು ಕೇಳಿದರು, ಫ್ಲೈಟ್ ಎಂಜಿನಿಯರ್ ಮಾತು ಕೇಳಿದರು, ಪ್ರಯಾಣಿಕನಾಗಿ ಕೂತಿದ್ದ ಒಬ್ಬ ತರಬೇತಿ ಪೈಲಟ್‌ನನ್ನು ಒಳಗೆ ಕರೆಸಿ ಎಂಜಿನ್ ಲಿವರ್‌ಗಳನ್ನೇ ಅವರ ಕೈಗೆ ಕೊಟ್ಟರು. 296 ಜನರಲ್ಲಿ 184 ಜನ ಬದುಕಿದರು.

ಹೇನ್ಸ್ ಅವರಿಗೆ ಇದು ಸುಮ್ನೆ ಬಂದ ಗುಣ ಅಲ್ಲ. ಅದೇ ಕಂಪನಿ 1978ರ ಡಿಸೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ವಿಮಾನ ಕಳೆದುಕೊಂಡಿತ್ತು. ಇಳಿಯೋಕೆ ಬೇಕಾದ ಚಕ್ರ ಸರಿಯಾಗಿ ಹೊರಗೆ ಬಂದಿದೆಯಾ ಅನ್ನುವ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹೊಡೆದರು. ಇಂಧನ ಮುಗಿಯುತ್ತಿದ್ದದ್ದು ಜೊತೆಯವರಿಗೆ ಕಾಣುತ್ತಿತ್ತು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ನಮ್ಮಲ್ಲಿ ಗೋಡೆಗೆ ಹೇಳಿ ಮನೆಯವರಿಗೆ ಕೇಳಿಸುತ್ತೇವಲ್ಲ, ಹಾಗೆ ಸೂಚ್ಯವಾಗಿ ಹೇಳಿದರು. ಇಂಧನ ಖಾಲಿಯಾಗಿ ವಿಮಾನ ಬಿತ್ತು, 10 ಜನ ಸತ್ತರು. ಅದಾದ ಮೇಲೆ 1981ರಲ್ಲಿ ಆ ಕಂಪನಿ ಕ್ಯಾಪ್ಟನ್‌ಗಳಿಗೆ ಕೇಳುವುದನ್ನು, ಕೋ-ಪೈಲಟ್‌ಗಳಿಗೆ ಹೇಳುವುದನ್ನು ಕಲಿಸಲು ಶುರು ಮಾಡಿತು. ಇವತ್ತು ನಮ್ಮ ದೇಶದ ಪೈಲಟ್‌ಗಳಿಗೂ ಈ ತರಬೇತಿ ಕಡ್ಡಾಯ. ಇದಕ್ಕೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಸಿಆರ್‌ಎಂ ಅನ್ನುತ್ತಾರೆ.

ಒಳ್ಳೆಯ ಕ್ಯಾಪ್ಟನ್ ಯಾರು ಅಂತ ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ. ಹಾರಾಟಕ್ಕೆ ಮುಂಚಿನ ಮಾತುಕತೆಯಲ್ಲಿ, ಅಂದರೆ ಬ್ರೀಫಿಂಗ್‌ನಲ್ಲಿ, "ನಾನು ಏನಾದರೂ ಬಿಟ್ಟರೆ ತಕ್ಷಣ ಹೇಳು, ನೀನು ಗೋ ಅರೌಂಡ್ ಅಂದರೆ ಮೊದಲು ಮೇಲೇರೋಣ, ಆಮೇಲೆ ಮಾತಾಡೋಣ" ಅಂದುಬಿಟ್ಟರೆ ಹುಡುಗನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇದು ಬರೀ ಶಿಷ್ಟಾಚಾರದ ಮಾತಲ್ಲ. ಅಮೆರಿಕದ ತನಿಖಾ ಸಂಸ್ಥೆ 1978ರಿಂದ 1990ರವರೆಗಿನ 37 ದೊಡ್ಡ ಅಪಘಾತಗಳನ್ನು ನೋಡಿತು. 80%ಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಓಡಿಸುತ್ತಿದ್ದದ್ದು ಕ್ಯಾಪ್ಟನ್. ಮಾಹಿತಿ ಸಿಕ್ಕ ಪ್ರಕರಣಗಳಲ್ಲಿ 73% ಕ್ಯಾಪ್ಟನ್, ಕೋ-ಪೈಲಟ್ ಇಬ್ಬರೂ ಜೊತೆಯಾಗಿ ಹಾರುತ್ತಿದ್ದ ಮೊದಲ ದಿನವೇ ಆಗಿತ್ತು. ನನಗೆ ಕಾಣುವ ಅರ್ಥ ಇದು: ಹುಡುಗ ಓಡಿಸುವಾಗ ಹಿರಿಯರು ಸಲೀಸಾಗಿ ತಿದ್ದುತ್ತಾರೆ, ಹಿರಿಯರು ಓಡಿಸುವಾಗ ಹುಡುಗನಿಗೆ ತಿದ್ದಲು ಧೈರ್ಯ ಸಾಲದು, ಅದರಲ್ಲೂ ಪರಿಚಯವೇ ಇಲ್ಲದ ಮೊದಲ ದಿನ.

ಈಗ ನಿಮ್ಮ ಮಗನ ವಿಷಯ. ಮರ್ಯಾದೆ ಬಿಡಬೇಕಾಗಿಲ್ಲ ಅಕ್ಕಾವ್ರೇ. ಮೊದಲು ಕೇಳಬೇಕು: "ಸರ್, ನಾವು ಎತ್ತರದಲ್ಲಿದ್ದೀವಿ ಅಲ್ವಾ?" ಆಮೇಲೆ ಅಂಕಿ ಸಮೇತ ಹೇಳಬೇಕು: "ಕ್ಯಾಪ್ಟನ್, 500 ಅಡಿ ಜಾಸ್ತಿ ಇದೆ, ಇದು ಸರಿಯಿಲ್ಲ." ಆಮೇಲೆ "ಕ್ಯಾಪ್ಟನ್, ಗೋ ಅರೌಂಡ್!" ಅದಕ್ಕೂ ಉತ್ತರ ಬರದಿದ್ದರೆ "ಐ ಹ್ಯಾವ್ ಕಂಟ್ರೋಲ್" ಅಂತ ಹೇಳಿ ತಾನೇ ಹಿಡಿಯಬೇಕು. ನೆಲ ಹತ್ತಿರ ಇದ್ದರೆ ಮೊದಲಿನ ಮೆಟ್ಟಿಲುಗಳನ್ನು ಬಿಟ್ಟು ನೇರ "ಗೋ ಅರೌಂಡ್"ಗೆ ಹೋಗಬೇಕು.

ಈ ಅಭ್ಯಾಸ ದೊಡ್ಡ ವಿಮಾನಕ್ಕೆ ಹೋದ ಮೇಲೆ ಬರಲ್ಲ. ಶ್ರೀನಿವಾಸ ಸರಡಗಿ ಹತ್ತಿರದ ನಮ್ಮ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು, ಈಗ ಅಲ್ಲಿ ಪುಟ್ಟ ಟ್ರೇನರ್ ವಿಮಾನಗಳು ಸುತ್ತುತ್ತವೆ. ಅಲ್ಲೇ ಇದರ ಬೀಜ ಬೀಳಬೇಕು. ಹಿಂದೊಮ್ಮೆ ಒಬ್ಬ ಹುಡುಗ ಪಾಠ ಮುಗಿದ ಮೇಲೆ ನನ್ನ ಹತ್ತಿರ ನಿಂತ. ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲನ್ನು ಇನ್‌ಸ್ಟ್ರಕ್ಟರ್ ಬಿಟ್ಟಿದ್ದನ್ನು ನೋಡಿದ್ದನಂತೆ, ಹೇಳಲಿಲ್ಲವಂತೆ. ಯಾಕೋ ಅಂದೆ. "ಅವರು ಬೇಕಂತಲೇ ಬಿಟ್ಟಿರಬೇಕು ಅನ್ಕೊಂಡೆ ಸರ" ಅಂದ. ಕೈಯಲ್ಲಿದ್ದ ಹೆಲ್ಮೆಟ್‌ನ ಬಕಲ್ಲನ್ನು ಹಾಕುತ್ತಾ ತೆಗೆಯುತ್ತಾ ನಿಂತಿದ್ದ. ನಾಳೆ ಬೆಳಗ್ಗೆ ಹೋಗಿ ಅವರಿಗೇ ಹೇಳು ಅಂದೆ. ಹೇಳಿದ. ಇನ್‌ಸ್ಟ್ರಕ್ಟರ್ ಮರೆತೇ ಬಿಟ್ಟಿದ್ದರು. ಅವತ್ತಿನಿಂದ ಪ್ರತಿ ಹಾರಾಟಕ್ಕೂ ಮುಂಚೆ ಅವರು "ನಾನು ಏನು ಬಿಟ್ಟೆ ಹೇಳು" ಅಂತ ಕೇಳುತ್ತಾರಂತೆ.

ನಿಮ್ಮ ಮಗ ಮುಂದಿನ ಸಲ ಊರಿಗೆ ಬಂದಾಗ, ಊಟಕ್ಕೆ ಕೂತಾಗ ಕೇಳಿ ನೋಡಿ: ಇನ್‌ಸ್ಟ್ರಕ್ಟರ್‌ನ ಒಂದು ತಪ್ಪನ್ನಾದರೂ ಅವರ ಮುಂದೆ ಹೇಳಿದೀಯಾ, ಹೇಳಿದಾಗ ಅವರು ಏನಂದರು?