ಮೀಟರ್ ಬರೆದಿಟ್ಟ ಲೆಕ್ಕ ಮನೆಯವರ ಕೈಗೆ ಬಂದದ್ದು ಹೇಗೆ

ಎರಡು ವಿದ್ಯುತ್ ಪ್ಲಾನ್‌ಗಳಲ್ಲಿ ನಮ್ಮ ಮನೆಗೆ ಯಾವುದು ಅಗ್ಗ ಎಂದು ತಿಳಿಯಲು ನಂಬಬಹುದಾದ ದಾರಿ ಒಂದೇ. ಕಳೆದ ವರ್ಷ ಯಾವ ಹೊತ್ತಿನಲ್ಲಿ ಎಷ್ಟು ಕರೆಂಟ್ ಉರಿಸಿದ್ದೇವೆ ಎಂಬ ಲೆಕ್ಕವನ್ನು ಎರಡೂ ದರಪಟ್ಟಿಗಳಿಗೆ ಹಚ್ಚಿ, ಎರಡು ಬಿಲ್ ಮಾಡಿ ನೋಡಬೇಕು. ಶಾಲೆಯ ಗಣಿತ ಸಾಕು. ಆದರೂ ಮನೆಯವರು ಈ ಲೆಕ್ಕ ಹಾಕುವಂತಾದದ್ದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ, ಅದೂ ಕೆಲವೇ ದೇಶಗಳಲ್ಲಿ. ಯಾಕಿಷ್ಟು ತಡವಾಯಿತು ಎಂದು ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕತೆ ಸಿಗುತ್ತದೆ. ಅಳೆಯುವ ಯಂತ್ರ ಮೊದಲಿನಿಂದಲೂ ಮಾರುವವರ ಕಡೆಗಿತ್ತು.

1880ರ ದಶಕದಲ್ಲಿ ಥಾಮಸ್ ಎಡಿಸನ್ ಬಳಕೆಗೆ ತಂದ ಮೀಟರ್‌ನಲ್ಲಿ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಗಾಜಿನ ಪಾತ್ರೆಯಲ್ಲಿ ಸತುವಿನ ಲವಣದ ದ್ರಾವಣ, ಅದರಲ್ಲಿ ಮುಳುಗಿದ ಎರಡು ಸತುವಿನ ಫಲಕ. ಮನೆಗೆ ಹೋಗುವ ವಿದ್ಯುತ್ತಿನ ಒಂದು ಸಣ್ಣ ಪಾಲು ಅದರೊಳಗೆ ಹಾದು ಹೋಗುವಾಗ ಒಂದು ಫಲಕದ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಫಲಕ ಬಿಚ್ಚಿಕೊಂಡು ಹೋಗಿ, ತೂಗಿ, ತೂಕದಲ್ಲಾದ ವ್ಯತ್ಯಾಸ ನೋಡಿ ಬಿಲ್ ಬರೆಯುತ್ತಿದ್ದರು. ಮನೆಯವರಿಗೆ ಅದನ್ನು ಓದುವ ಉಪಾಯವೇ ಇರಲಿಲ್ಲ. ಕಂಪನಿ ಹೇಳಿದ ಮೊತ್ತ ನಂಬಿ ಕಟ್ಟಬೇಕು, ಅಷ್ಟೇ.

1889ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಎಂಜಿನಿಯರ್ ಓಟ್ಟೊ ಬ್ಲಾತಿ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್ತಿನ ಇಂಡಕ್ಷನ್ ಮೀಟರ್‌ಗೆ ಪೇಟೆಂಟ್ ಪಡೆದರು. ಗಾಜಿನ ಹಿಂದೆ ನಿಧಾನವಾಗಿ ತಿರುಗುವ ಅಲ್ಯೂಮಿನಿಯಂ ತಟ್ಟೆಯ ಮೀಟರ್ ಇದೇ ವಂಶದ್ದು. ಈಗ ಯಾರು ಬೇಕಾದರೂ ರೀಡಿಂಗ್ ನೋಡಬಹುದಾಯಿತು. ಆದರೆ ಆ ಮೀಟರ್‌ಗೆ ಗೊತ್ತಿದ್ದದ್ದು ಒಟ್ಟು ಮೊತ್ತ ಮಾತ್ರ. ಈ ತಿಂಗಳ ರೀಡಿಂಗ್‌ನಿಂದ ಹೋದ ತಿಂಗಳದ್ದನ್ನು ಕಳೆದರೆ ಯೂನಿಟ್ ಸಿಕ್ಕಿತು. ಅದರಲ್ಲಿ ಎಷ್ಟು ಸಂಜೆ ಏಳಕ್ಕೆ ಉರಿಯಿತು, ಎಷ್ಟು ನಡುರಾತ್ರಿ ಉರಿಯಿತು ಎಂಬುದು ಎಲ್ಲೂ ದಾಖಲಾಗಲಿಲ್ಲ.

ಹೊತ್ತಿಗೆ ಬೆಲೆಯಿದೆ ಎಂಬುದು ಮಾರುವವರಿಗೆ ಬಹಳ ಬೇಗ ಗೊತ್ತಾಗಿತ್ತು. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಆ ಒಂದೆರಡು ಗಂಟೆಗಾಗಿಯೇ ಹೆಚ್ಚುವರಿ ಯಂತ್ರ, ದಪ್ಪ ತಂತಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಇಡಬೇಕಾಗುತ್ತದೆ. ಉಳಿದ ಹೊತ್ತು ಅವು ಸುಮ್ಮನೆ ಕೂತಿರುತ್ತವೆ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಎಂಜಿನಿಯರ್ ಆರ್ಥರ್ ರೈಟ್ ಗ್ರಾಹಕರ ಗರಿಷ್ಠ ಬೇಡಿಕೆಯನ್ನೇ, ಅಂದರೆ ಅವರು ಒಂದೇ ಹೊತ್ತಿಗೆ ಎಳೆಯುವ ಅತಿ ಹೆಚ್ಚಿನ ಕರೆಂಟನ್ನೇ, ಅಳೆಯುವ ಮೀಟರ್ ಹಾಕಿ ಅದರ ಮೇಲೆ ದರ ಕಟ್ಟಿದ್ದರು. 1894ರಲ್ಲಿ ಅದನ್ನು ಕಂಡ, ಅಮೆರಿಕದ ಶಿಕಾಗೋದಲ್ಲಿ ವಿದ್ಯುತ್ ಕಂಪನಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಇನ್ಸಲ್ ಆ ದರಪದ್ಧತಿಯನ್ನು ತಮ್ಮ ಊರಿಗೆ ಒಯ್ದರು. ಹೊತ್ತಿಗೊಂದು ದರ ಮನೆಗಳಿಗೆ ನಿಜವಾಗಿ ತಲುಪಿದ್ದು ಬಹಳ ತಡವಾಗಿ. ಬ್ರಿಟನ್ 1978ರಲ್ಲಿ ‘ಎಕಾನಮಿ 7’ ತಂದಿತು: ರಾತ್ರಿಯಲ್ಲಿ ಏಳು ಗಂಟೆಗಳ ಕಾಲ ಕಡಿಮೆ ದರ, ಮೀಟರ್‌ನಲ್ಲಿ ಹಗಲಿಗೊಂದು ಲೆಕ್ಕ, ರಾತ್ರಿಗೊಂದು ಲೆಕ್ಕ. ಫ್ರಾನ್ಸ್ 1990ರ ದಶಕದಲ್ಲಿ ‘ಟೆಂಪೊ’ ತಂದು ವರ್ಷವನ್ನೇ ಬಣ್ಣಗಳಲ್ಲಿ ಹಂಚಿತು. 300 ನೀಲಿ ದಿನ, 43 ಬಿಳಿ ದಿನ, 22 ಕೆಂಪು ದಿನ. ಚಳಿಗಾಲದ ಆ ಕೆಂಪು ದಿನಗಳಲ್ಲಿ ಹಗಲಿನ ದರ ಹಲವು ಪಟ್ಟು. ಇಂಥ ಪ್ಲಾನ್ ತನಗೆ ಹೊಂದುತ್ತದೋ ಇಲ್ಲವೋ ಎಂದು ಮನೆಯವರು ಊಹಿಸಬೇಕಿತ್ತು, ಅಳೆದು ನೋಡಲು ಆಗುತ್ತಿರಲಿಲ್ಲ. ಹೊತ್ತುವಾರು ಬರೆದಿಡುವ ಮೀಟರ್ ಬರುತ್ತಿದ್ದದ್ದು ಆ ಪ್ಲಾನ್‌ಗೆ ಸೇರಿದ ಮೇಲೇ.

ಮಾರುಕಟ್ಟೆ ತೆರೆದಾಗ ಈ ಕೊರತೆ ಬಯಲಾಯಿತು. ಬ್ರಿಟನ್‌ನಲ್ಲಿ 1998-99ರಲ್ಲಿ, ಟೆಕ್ಸಾಸ್‌ನಲ್ಲೂ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲೂ 2002ರ ಜನವರಿಯಲ್ಲಿ, ಮನೆಯವರು ತಮಗೆ ಬೇಕಾದ ಕಂಪನಿಯಿಂದ ವಿದ್ಯುತ್ ಕೊಳ್ಳಬಹುದು ಎಂದಾಯಿತು. ತಂತಿ ಅದೇ, ಕಂಬ ಅದೇ. ಬಿಲ್ ಕಳಿಸುವವರು ಮಾತ್ರ ಹತ್ತಾರು ಮಂದಿ. ಅವರ ದರಗಳನ್ನು ಸಾಲಾಗಿ ಇಟ್ಟು ತೋರಿಸುವ ಜಾಲತಾಣಗಳು ಹುಟ್ಟಿಕೊಂಡವು. ಅವು ಆಧರಿಸಿದ್ದು ‘ಸರಾಸರಿ ಮನೆ’ಯನ್ನು. ವರ್ಷಕ್ಕೆ ಇಷ್ಟು ಯೂನಿಟ್ ಬಳಸುವ ಮನೆಗೆ ಈ ಪ್ಲಾನ್ ಇಷ್ಟಾಗುತ್ತದೆ, ಆ ಪ್ಲಾನ್ ಅಷ್ಟಾಗುತ್ತದೆ ಎಂಬ ಪಟ್ಟಿ. ಅಂಥ ಮನೆ ನಿಜವಾಗಿ ಯಾವ ಬೀದಿಯಲ್ಲೂ ಇರುವುದಿಲ್ಲ.

ಸರಾಸರಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ. ಅಲ್ಲಿನ ಸರ್ಕಾರಿ ತಾಣ ‘ಪವರ್ ಟು ಚೂಸ್’ ಪ್ರತಿ ಪ್ಲಾನ್‌ನ ಸರಾಸರಿ ದರವನ್ನು ತಿಂಗಳಿಗೆ 500, 1,000, 2,000 ಯೂನಿಟ್ ಬಳಕೆಗೆ ತೋರಿಸುತ್ತಿತ್ತು. ಕಂಪನಿಗಳು ಪ್ಲಾನ್‌ಗಳನ್ನು ಈ ಅಂಕಿಗಳಿಗೆ ಸರಿಯಾಗಿ ಹೊಲಿದವು. ಬಳಕೆ 1,000 ಯೂನಿಟ್ ಮುಟ್ಟಿದ ತಿಂಗಳು ಬಿಲ್ಲಿನಲ್ಲಿ ದೊಡ್ಡ ಮೊತ್ತ ಕಡಿತ, 999 ಆದರೆ ಏನೂ ಇಲ್ಲ. ಹಾಗಾಗಿ 1,000ದ ಕಾಲಂನಲ್ಲಿ ಆ ಪ್ಲಾನ್ ಎಲ್ಲರಿಗಿಂತ ಅಗ್ಗವಾಗಿ ಪಟ್ಟಿಯ ತಲೆಗೆ ಬಂದು ಕೂರುತ್ತಿತ್ತು. ವರ್ಷದ ಸರಾಸರಿ ತಿಂಗಳಿಗೆ ಸಾವಿರ ಇರುವ ಮನೆ ವಸಂತದಲ್ಲಿ 600 ಬಳಸಿ, ಎಸಿ ಓಡುವ ಬೇಸಿಗೆಯಲ್ಲಿ 1,800 ಬಳಸುತ್ತದೆ. ಕಡಿತ ಸಿಗದ ತಿಂಗಳುಗಳಲ್ಲಿ ಅದಕ್ಕೆ ಬೀಳುವ ದರ ಪಟ್ಟಿಯಲ್ಲಿ ಕಂಡ ದರಕ್ಕಿಂತ ಎಷ್ಟೋ ಹೆಚ್ಚು. ಇದರಲ್ಲಿ ಕಾನೂನು ಮುರಿದವರು ಯಾರೂ ಇಲ್ಲ. ಆದರೆ ಹೋಲಿಕೆ ಎಂಬ ಹೆಸರಿನಲ್ಲಿ ಜನರನ್ನು ದಾರಿ ತಪ್ಪಿಸಲಾಯಿತು ಎಂದೇ ನಾನು ಹೇಳುತ್ತೇನೆ.

ಅಷ್ಟರಲ್ಲಿ ಬಳಕೆಯನ್ನು ಹೊತ್ತುವಾರು ಬರೆದಿಟ್ಟು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಬಂದಿತ್ತು, ಬೇರೆ ಉದ್ದೇಶಕ್ಕೆ. ಇಟಲಿಯ ಎನೆಲ್ ಕಂಪನಿ 2001ರಲ್ಲಿ ಶುರುಮಾಡಿ ಕೆಲವೇ ವರ್ಷಗಳಲ್ಲಿ ಸುಮಾರು 3 ಕೋಟಿ ಮೀಟರ್ ಬದಲಿಸಿತು. ಕಳ್ಳತನ ತಡೆಯುವುದು, ಮನೆಮನೆಗೆ ಹೋಗದೆ ರೀಡಿಂಗ್ ಪಡೆಯುವುದು, ದೂರದಿಂದಲೇ ಸಂಪರ್ಕ ಕಡಿಯುವುದು ಅದರ ಮುಖ್ಯ ಲಾಭಗಳು. 2009ರ ಯುರೋಪಿಯನ್ ಒಕ್ಕೂಟದ ನಿರ್ದೇಶನ, ಖರ್ಚಿಗಿಂತ ಲಾಭ ಹೆಚ್ಚು ಎಂದು ಕಂಡ ಕಡೆ 2020ರೊಳಗೆ ಶೇ. 80ರಷ್ಟು ಗ್ರಾಹಕರಿಗೆ ಇಂಥ ಮೀಟರ್ ಹಾಕಬೇಕೆಂದಿತು. ವಿಕ್ಟೋರಿಯಾ 2009ರಲ್ಲೇ ಕಡ್ಡಾಯವಾಗಿ ಹಾಕಲು ಹೊರಟಿತು. 2015ರಲ್ಲಿ ಅಲ್ಲಿನ ಆಡಿಟರ್ ಜನರಲ್ ಲೆಕ್ಕ ನೋಡಿದಾಗ ಗ್ರಾಹಕರ ಜೇಬಿನಿಂದ 200 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹೋಗಿತ್ತು, ಹೇಳಿದಷ್ಟು ಲಾಭ ಬಂದಿರಲಿಲ್ಲ. ಮೀಟರಿಗೆ ದುಡ್ಡು ಕೊಟ್ಟವರೇ ಮೀಟರ್ ಬರೆದಿಟ್ಟದ್ದನ್ನು ನೋಡಲಾಗದ ಸ್ಥಿತಿ ಹಲವು ದೇಶಗಳಲ್ಲಿ ವರ್ಷಗಟ್ಟಲೆ ನಡೆಯಿತು.

ಗುಟ್ಟು ಬಯಲಾಗುವ ಭಯವೂ ಸಣ್ಣದಲ್ಲ. ಒಟ್ಟು ಬಳಕೆಯ ಏರಿಳಿತ ನೋಡಿಯೇ ಯಾವ ಉಪಕರಣ ಯಾವಾಗ ಓಡಿತು ಎಂದು ಹೇಳಬಹುದು ಎಂಬುದನ್ನು ಸಂಶೋಧಕ ಜಾರ್ಜ್ ಹಾರ್ಟ್ 1980ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೋರಿಸಿದ್ದರು. ಅರ್ಧ ಗಂಟೆಗೊಂದು ಅಂಕಿ ಸಿಕ್ಕರೂ ಮನೆಯವರು ಎದ್ದದ್ದು, ಹೊರಟದ್ದು, ವಾರಗಟ್ಟಲೆ ಊರಲ್ಲಿಲ್ಲದ್ದು ಎಲ್ಲ ಕಾಣುತ್ತದೆ. ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ತಡೆಹಿಡಿದದ್ದು ಈ ಕಾರಣಕ್ಕೇ. ಆ ವಾದ ನ್ಯಾಯವಾದದ್ದು. ಆದರೆ ಅದನ್ನೇ ಮುಂದಿಟ್ಟು ಮನೆಯವರ ದಾಖಲೆಯನ್ನು ಮನೆಯವರಿಗೇ ಕೊಡದಿರುವುದು ನ್ಯಾಯವಲ್ಲ.

ಬಾಗಿಲು ತೆರೆದ ಹೆಜ್ಜೆಗಳಲ್ಲಿ ದೊಡ್ಡದು ಅಮೆರಿಕದ ‘ಗ್ರೀನ್ ಬಟನ್’. 2011ರ ಸೆಪ್ಟೆಂಬರಿನಲ್ಲಿ ಶ್ವೇತಭವನದ ತಂತ್ರಜ್ಞಾನ ಅಧಿಕಾರಿ ಅನೀಶ್ ಚೋಪ್ರಾ ವಿದ್ಯುತ್ ಕಂಪನಿಗಳಿಗೆ ಒಂದು ಸವಾಲು ಹಾಕಿದರು: ಗ್ರಾಹಕರ ಖಾತೆಯಲ್ಲಿ ಒಂದು ಗುಂಡಿ ಇಡಿ, ಒತ್ತಿದರೆ ಅವರ ಬಳಕೆಯ ಪೂರ್ತಿ ದಾಖಲೆ ಒಂದೇ ನಮೂನೆಯ ಫೈಲ್ ಆಗಿ ಸಿಗಲಿ. 2012ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಎರಡು ಕಂಪನಿಗಳು ಅದನ್ನು ಮಾಡಿ ತೋರಿಸಿದವು. ‘ಒಂದೇ ನಮೂನೆ’ ಎಂಬುದೇ ಇಲ್ಲಿ ಮುಖ್ಯ. ಪ್ರತಿ ಕಂಪನಿ ತನ್ನಿಷ್ಟದಂತೆ ಕೊಟ್ಟರೆ ಹೋಲಿಕೆಯ ಸಾಧನ ಕಟ್ಟುವವರು ಸೋತುಹೋಗುತ್ತಾರೆ. ಟೆಕ್ಸಾಸ್‌ನಲ್ಲಿ 15 ನಿಮಿಷದ ಅಂಕಿಗಳು ಮನೆಯವರು ತಮ್ಮ ಖಾತೆಯಲ್ಲಿ ನೋಡಬಹುದಾದ ಪೋರ್ಟಲ್‌ಗೆ ಬಂದವು. ವಿಕ್ಟೋರಿಯಾದ ಸರ್ಕಾರಿ ಹೋಲಿಕೆ ತಾಣ ಮೀಟರ್ ಫೈಲ್ ಅನ್ನೇ ಹಾಕಿಸಿಕೊಂಡು ಲೆಕ್ಕ ಹೇಳತೊಡಗಿತು. ಯುರೋಪ್ 2019ರ ನಿರ್ದೇಶನದಲ್ಲಿ ನಿಷ್ಪಕ್ಷಪಾತ ಹೋಲಿಕೆ ಸಾಧನ ಉಚಿತವಾಗಿ ಸಿಗಬೇಕೆಂದು ಬರೆಯಿತು. ಆಸ್ಟ್ರೇಲಿಯಾ 2022ರ ನವೆಂಬರಿನಿಂದ ತನ್ನ ಗ್ರಾಹಕ ದತ್ತಾಂಶ ಹಕ್ಕನ್ನು ವಿದ್ಯುತ್ತಿಗೂ ವಿಸ್ತರಿಸಿತು. ಕೆನಡಾದ ಒಂಟಾರಿಯೊ 2023ರ ನವೆಂಬರಿನಿಂದ ಗ್ರೀನ್ ಬಟನ್ ಕಡ್ಡಾಯ ಮಾಡಿತು.

ಫೈಲ್ ಕೈಗೆ ಬಂದ ಮೇಲೆ ಲೆಕ್ಕ ಹೇಗೆ ನಡೆಯುತ್ತದೆ? ಅರ್ಧ ಗಂಟೆಗೊಂದು ಅಂಕಿಯೆಂದರೆ ದಿನಕ್ಕೆ 48, ವರ್ಷಕ್ಕೆ 17,520 ಸಾಲು. ಪ್ರತಿ ಸಾಲಿನ ಯೂನಿಟ್ ಅನ್ನು ಆ ಹೊತ್ತಿನ ದರದಿಂದ ಗುಣಿಸಿ, ಎಲ್ಲ ಕೂಡಿಸಿ, ನಿಗದಿತ ಶುಲ್ಕ ಸೇರಿಸಬೇಕು. ಹಣದ ಹೆಸರು ಬಿಟ್ಟು ಬರೀ ಅಂಕಿಯಲ್ಲಿ ನೋಡೋಣ. ಒಂದು ಪ್ಲಾನ್‌ನಲ್ಲಿ ಎಲ್ಲ ಹೊತ್ತಿಗೂ ಯೂನಿಟ್‌ಗೆ 30. ಇನ್ನೊಂದರಲ್ಲಿ ಎಲ್ಲರೂ ಒಟ್ಟಿಗೆ ಬಳಸುವ ‘ಪೀಕ್’ ಹೊತ್ತಿಗೆ 45, ಉಳಿದಾಗ 22. ಎರಡು ಮನೆಗಳೂ ವರ್ಷಕ್ಕೆ 3,600 ಯೂನಿಟ್ ಬಳಸುತ್ತವೆ ಎನ್ನಿ. ಮೊದಲ ಪ್ಲಾನ್‌ನಲ್ಲಿ ಇಬ್ಬರಿಗೂ 1,08,000. ಎರಡನೆಯದರಲ್ಲಿ, ಕಾಲು ಭಾಗ ಮಾತ್ರ ಪೀಕ್‌ನಲ್ಲಿ ಬಳಸುವ ಮನೆಗೆ 99,900, ಶೇ. 40ರಷ್ಟು ಪೀಕ್‌ನಲ್ಲಿ ಬಳಸುವ ಮನೆಗೆ 1,12,320. ಪೀಕ್ ಪಾಲು ಸುಮಾರು ಶೇ. 35 ದಾಟಿದರೆ ಎರಡನೆಯ ಪ್ಲಾನ್ ನಷ್ಟ. ಹಳೆಯ ಬಿಲ್ ಹಿಡಿದುಕೊಂಡು ನೋಡಿದರೆ ಈ ಎರಡು ಮನೆಗಳಿಗೆ ವ್ಯತ್ಯಾಸವೇ ಇಲ್ಲ.

ಎಡವುವುದು ಫೈಲ್‌ನ ಒಳಗೆ. ಸಾಲಿನ ಮುಂದೆ 18:00 ಎಂದಿದ್ದರೆ ಅದು ಆರಕ್ಕೆ ಶುರುವಾದ ಅರ್ಧ ಗಂಟೆಯೋ, ಆರಕ್ಕೆ ಮುಗಿದದ್ದೋ? ತಪ್ಪಾಗಿ ಹಿಡಿದರೆ ಪೀಕ್ ಶುರುವಾಗುವ ಕಡೆಯೂ ಮುಗಿಯುವ ಕಡೆಯೂ ಬಳಕೆ ಅತ್ತಿತ್ತ ಜಾರುತ್ತದೆ. ಐರ್ಲೆಂಡಿನ ಅರ್ಧ ಗಂಟೆಯ ಫೈಲ್‌ನಲ್ಲಿ ಅಂಕಿ ಕಿಲೋವ್ಯಾಟ್‌ನಲ್ಲಿ ಬರುತ್ತಿತ್ತು. ಒಂದು ಕಿಲೋವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಆದ್ದರಿಂದ ಯೂನಿಟ್ ಬೇಕೆಂದರೆ ಅದನ್ನು ಅರ್ಧ ಮಾಡಬೇಕು, ಮರೆತವರ ಬಿಲ್ ಇಮ್ಮಡಿ. ವರ್ಷಕ್ಕೆರಡು ಬಾರಿ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಒಂದು ದಿನಕ್ಕೆ 46 ಸಾಲು, ಇನ್ನೊಂದು ದಿನಕ್ಕೆ 50. ಸಂಪರ್ಕ ಕಡಿದುಹೋದ ಹೊತ್ತಿಗೆ ಅಂದಾಜು ಅಂಕಿ ತುಂಬಿರುತ್ತಾರೆ, ಅದಕ್ಕೊಂದು ಗುರುತಿನ ಅಕ್ಷರ ಇರುತ್ತದೆ, ನೋಡುವವರು ಕಡಿಮೆ. ಚಾವಣಿಯ ಮೇಲೆ ಸೋಲಾರ್ ಇದ್ದರೆ ಒಳಗೇ ಬಳಕೆಯಾದ ಸೋಲಾರ್ ಕರೆಂಟ್ ಮೀಟರ್‌ಗೆ ಕಾಣುವುದೇ ಇಲ್ಲ. ಗ್ರಿಡ್‌ನಿಂದ ಬಂದದ್ದು ಮತ್ತು ಗ್ರಿಡ್‌ಗೆ ಹೋದದ್ದು ಎರಡು ಬೇರೆ ಲೆಕ್ಕ, ಎರಡಕ್ಕೂ ಬೇರೆ ದರ.

ಇದೆಲ್ಲ ಸರಿಯಾದರೂ ಫೈಲ್ ಹೇಳುವುದು ಕಳೆದ ವರ್ಷದ ಸಂಗತಿ. ಟೆಕ್ಸಾಸ್‌ನ ಗ್ರಿಡ್ಡಿ ಕಂಪನಿ ಸಗಟು ಬೆಲೆಯನ್ನೇ ನೇರವಾಗಿ ಮನೆಗಳಿಗೆ ದಾಟಿಸುತ್ತಿತ್ತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಆ ಬೆಲೆ ಯೂನಿಟ್‌ಗೆ 9 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತು. ಸಾವಿರಾರು ಡಾಲರ್ ಬಿಲ್ ಬಂದ ಮನೆಗಳಿದ್ದವು, ಮರು ತಿಂಗಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಿಂದಿನ ಸಾಧಾರಣ ವರ್ಷದ ಅಂಕಿ ಹಾಕಿ ನೋಡಿದ್ದರೆ ಈ ಅಪಾಯ ಕಾಣುತ್ತಲೇ ಇರಲಿಲ್ಲ. ಹೊತ್ತಿಗೊಂದು ಬೆಲೆಯ ಪ್ಲಾನ್‌ಗಳನ್ನು ತೂಗುವಾಗ ಕೆಟ್ಟ ವಾರವೊಂದರ ಬಿಲ್ ಎಷ್ಟಾಗಬಹುದು ಎಂಬುದನ್ನೂ ತೋರಿಸದ ಸಾಧನವನ್ನು ನಾನಂತೂ ಅರ್ಧ ಸಾಧನ ಎನ್ನುತ್ತೇನೆ.

ಬಳಕೆಯೂ ಬದಲಾಗುತ್ತದೆ. ಐರ್ಲೆಂಡಿನಲ್ಲಿ 2009-10ರಲ್ಲಿ ಸಾವಿರಾರು ಮನೆಗಳಲ್ಲಿ ನಡೆದ ಪ್ರಯೋಗದಲ್ಲಿ ಹೊತ್ತಿಗೊಂದು ದರ ಮತ್ತು ಬಳಕೆಯ ಮಾಹಿತಿ ಕೊಟ್ಟಾಗ ಒಟ್ಟು ಬಳಕೆ ಶೇ. 2.5, ಪೀಕ್ ಬಳಕೆ ಶೇ. 8.8 ಇಳಿಯಿತು. ಸಣ್ಣದಾದರೂ ನಿಜವಾದ ಇಳಿಕೆ. ವಾಷಿಂಗ್ ಮೆಷಿನ್, ಗೀಸರ್, ಕಾರಿನ ಚಾರ್ಜಿಂಗ್ ಹೊತ್ತು ಬದಲಿಸಿಕೊಳ್ಳುತ್ತವೆ, ಅಡುಗೆ ಬದಲಿಸಿಕೊಳ್ಳುವುದಿಲ್ಲ. ಪುಟ್ಟ ಮಕ್ಕಳಿರುವ, ರೋಗಿಗಳಿರುವ ಮನೆಗೆ ಸಂಜೆಯ ಬಳಕೆ ಆಯ್ಕೆಯ ಮಾತಲ್ಲ. ಕ್ಯಾಲಿಫೋರ್ನಿಯಾದ ದೊಡ್ಡ ಕಂಪನಿಗಳು ಜನರನ್ನು ಹೊತ್ತಿನ ದರಕ್ಕೆ ವರ್ಗಾಯಿಸಿದಾಗ ಮೊದಲ 12 ತಿಂಗಳು ಹಳೆಯ ದರಕ್ಕಿಂತ ಹೆಚ್ಚಾದದ್ದನ್ನು ವಾಪಸ್ ಕೊಡುವ ಭದ್ರತೆ ಇತ್ತು. ಲೆಕ್ಕದ ಜೊತೆ ಒಂದು ವರ್ಷದ ಅನುಭವವೂ ಸಿಗುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿದ್ದು.

ಇನ್ನೂ ಬಗೆಹರಿಯದೆ ಉಳಿದದ್ದು ದಾಖಲೆಯೇ ಇಲ್ಲದವರ ಪಾಡು. ಬಾಡಿಗೆ ಮನೆ ಬದಲಿಸಿದವರಿಗೆ ಹೊಸ ವಿಳಾಸದಲ್ಲಿ ಹಿಂದಿನ ವರ್ಷವೇ ಇರುವುದಿಲ್ಲ. ಹಿಂದೆ ಇದ್ದವರ ಅಂಕಿಗಳನ್ನು ಇವರಿಗೆ ಕೊಡುವಂತಿಲ್ಲ, ಕೊಡಲೂಬಾರದು. ತಮ್ಮ ಹಳೆಯ ಮನೆಯ ಫೈಲ್ ಜೊತೆಗೆ ತಂದುಕೊಂಡರೆ ಏಳುವ, ಮಲಗುವ, ಬಟ್ಟೆ ಒಗೆಯುವ ಹೊತ್ತಿನ ಅಂದಾಜಾದರೂ ಸಿಗುತ್ತದೆ. ಖಾತೆ ಮುಚ್ಚಿದ ಮೇಲೆ ಅದನ್ನು ತೆಗೆದುಕೊಳ್ಳುವುದು ಕಷ್ಟವಾಗಬಹುದು, ಆದ್ದರಿಂದ ಮನೆ ಬಿಡುವ ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು. ಅದೂ ಇಲ್ಲದವರಿಗೆ ಹೋಲಿಕೆ ತಾಣ ಇವತ್ತಿಗೂ ಕೇಳುವುದು ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ ಎಂದು. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಸರಾಸರಿ ಮನೆಯದೇ.