ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯಲ್ಲ

ಬೆಲ್ಲದ ಪಾಯಸ ಕೆಟ್ಟರೆ ಮನೆಯವರು ಮೊದಲು ಬೈಯುವುದು ಬೆಲ್ಲವನ್ನು, ಆಮೇಲೆ ಹಾಲಿನವನನ್ನು. ಮದುವೆ, ಮುಂಜಿ, ಗೃಹಪ್ರವೇಶ ಅಂತ ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಲೆ ಮುಂದೆ ನಿಂತವನು ನಾನು. ಹೆಚ್ಚಿನ ಸಲ ಇಬ್ಬರದೂ ತಪ್ಪಿರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಎಡವಟ್ಟಾಗಿರುತ್ತದೆ.

ಮೊದಲು ಅಕ್ಕಿ. ಅಕ್ಕಿ ಬೇಯುವುದು ಅಂದರೆ ಅದರೊಳಗಿನ ಪಿಷ್ಟ ನೀರು ಕುಡಿದು ಉಬ್ಬುವುದು. ಬೆಲ್ಲಕ್ಕೂ ನೀರೇ ಬೇಕು. ಅದು ಪಾತ್ರೆಗೆ ಬಿದ್ದ ತಕ್ಷಣ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅಕ್ಕಿಗೆ ಸಿಗುವುದು ಕಡಿಮೆಯಾಗುತ್ತದೆ. ಅರ್ಧ ಬೆಂದ ಕಾಳು ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಒಂದು ಗಂಟೆ ಕುದಿಸಿದರೂ ನಡುವಿನ ಗಟ್ಟಿ ಹೋಗುವುದು ಕಷ್ಟ. ಅದಕ್ಕೇ ಅಕ್ಕಿಯನ್ನು ಅನ್ನದ ಹದಕ್ಕಿಂತ ಒಂದು ಹೆಜ್ಜೆ ಮುಂದಕ್ಕೆ ಬೇಯಿಸಿ. ಒಂದು ಅಗುಳನ್ನು ಎರಡು ಬೆರಳಲ್ಲಿ ಹಿಚುಕಿದರೆ ನಡುವೆ ಏನೂ ಸಿಗದೆ ಬೆಣ್ಣೆಯಂತೆ ಸವರಿಹೋಗಬೇಕು. 'ಮುದ್ದೆಯಾಯ್ತಲ್ಲಾ' ಅಂತ ಗಾಬರಿಯಾಗಬೇಡಿ. ಬೆಲ್ಲ ಬಿದ್ದ ಮೇಲೆ ಅದು ತಾನಾಗಿಯೇ ಸ್ವಲ್ಪ ಬಿಗಿಯಾಗುತ್ತದೆ. ಹಳೆ ಅಕ್ಕಿಗೆ ನೀರು ಜಾಸ್ತಿ ಬೇಕು. ಹೊಸ ಅಕ್ಕಿ ಬೇಗ ಅಂಟಾಗುತ್ತದೆ. ಅನ್ನಕ್ಕೆ ಅದು ದೋಷ, ಪಾಯಸಕ್ಕೆ ಗುಣ.

ಇನ್ನು ಎಲ್ಲರೂ ಹೆದರುವುದು ಹಾಲು ಒಡೆಯುವುದಕ್ಕೆ. ನಾನು ಕಸುಬಿಗೆ ಹೊಸಬನಾಗಿದ್ದಾಗ ಒಂದು ಮದುವೆಯಲ್ಲಿ ಒಂದು ಕೊಪ್ಪರಿಗೆ ಪಾಯಸ ನನ್ನ ಕಣ್ಣೆದುರೇ ಮೊಸರು ಮೊಸರಾಯಿತು. ಕುದಿಯುವ ಹಾಲಿಗೆ ಬೆಲ್ಲದ ಪುಡಿಯನ್ನು ಸುಮ್ನೆ ಸುರಿದಿದ್ದೆ. ಆ ದಿನ ಪಂಕ್ತಿಗೆ ಹೋಗಿದ್ದು ಬರೀ ಹೋಳಿಗೆ.

ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ತಾಜಾ ಹಾಲಿನ ಪಿಎಚ್ ಸುಮಾರು 6.7. ಅದು 4.6ಕ್ಕೆ ಇಳಿದರೆ ತಣ್ಣಗಿದ್ದರೂ ಹೆಪ್ಪುಗಟ್ಟುತ್ತದೆ. ಆದರೆ ಕುದಿಯುವ ಹಾಲಿಗೆ ಅಷ್ಟು ಹುಳಿ ಬೇಕಿಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಒಡೆಯುತ್ತದೆ. ಬೆಲ್ಲದಲ್ಲಿ ಚೂರು ಹುಳಿ ಇದ್ದೇ ಇರುತ್ತದೆ, ಖನಿಜದ ಉಪ್ಪುಗಳೂ ಇರುತ್ತವೆ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದು ಆ ಹುಳಿಯನ್ನು ತಗ್ಗಿಸಲಿಕ್ಕೂ ಹೌದು. ಎಲ್ಲ ಅಚ್ಚಿಗೂ ಅದು ಒಂದೇ ಹದದಲ್ಲಿ ಬೀಳುವುದಿಲ್ಲ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಂಡು ಹುಳಿ ಇನ್ನೂ ಏರುತ್ತದೆ. ನಮ್ಮ ಹಬ್ಬಗಳೆಲ್ಲ ಸಾಲಾಗಿ ಬರುವುದೂ ಶ್ರಾವಣದಲ್ಲೇ, ಅಲ್ವಾ?

ಹಾಗಾಗಿ ಹಾಲನ್ನೂ ಬೆಲ್ಲವನ್ನೂ ಒಲೆಯ ಮೇಲೆ ಒಟ್ಟಿಗೆ ಸೇರಿಸಬೇಡಿ. 100 ಗ್ರಾಂ ಅಕ್ಕಿಯನ್ನು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚೇ ನೀರಲ್ಲಿ ಬೇಯಿಸಿ. 200 ಗ್ರಾಂ ಬೆಲ್ಲವನ್ನು ಮುಳುಗುವಷ್ಟು ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಎಷ್ಟು ಒಳ್ಳೆಯ ಬೆಲ್ಲವಾದರೂ ಸೋಸಿ. ಬಟ್ಟೆಯಲ್ಲಿ ಉಳಿಯುವ ಮರಳು, ಕಬ್ಬಿನ ಸಿಪ್ಪೆ ನೋಡಿದರೆ ಇನ್ನೊಮ್ಮೆ ಹೇಳಿಸಿಕೊಳ್ಳುವುದಿಲ್ಲ. ಈ ನೀರು ಬೆಂದ ಅಕ್ಕಿಯ ಜೊತೆ ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಪಾಕ ಅಗುಳಿಗೆ ಹಿಡಿಯಬೇಕು, ಬೆಲ್ಲದ ಹಸಿ ವಾಸನೆ ಹೋಗಬೇಕು. ಆಮೇಲೆ ಇಳಿಸಿ, ಬೆರಳು ತಾಗಿಸುವಷ್ಟು ಆರಲು ಬಿಡಿ. ಬೇರೆ ಪಾತ್ರೆಯಲ್ಲಿ ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲನ್ನು ಈಗ ಬೆರೆಸಿ. ಮತ್ತೆ ಒಲೆಗಿಡಬೇಡಿ. ಬಿಸಿ ಬೇಕೆಂದರೆ ಪಾತ್ರೆಯನ್ನು ಬಿಸಿನೀರಲ್ಲಿ ಕೂರಿಸಿ.

ಬೆಲ್ಲದ ಮೇಲೆ ಅನುಮಾನವಿದ್ದರೆ ಎರಡು ಚಮಚ ಹಾಲಿಗೆ ಒಂದು ಚಮಚ ಬೆಲ್ಲದ ನೀರು ಹಾಕಿ ಕುದಿಸಿ ನೋಡಿ. ಅಲ್ಲಿ ಒಡೆದರೆ ಹೋಗುವುದು ಎರಡು ಚಮಚ ಅಷ್ಟೇ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿ ಹುಳಿ ಮುರಿಯುವವರಿದ್ದಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಚೂರು ಜಾಸ್ತಿಯಾದರೂ ನಾಲಿಗೆಗೆ ಸೋಪಿನ ರುಚಿ ಹತ್ತುತ್ತದೆ. ನನಗೆ ಅದು ಬೇಡ.

ಕರಾವಳಿಯವರಿಗೆ ಈ ತಲೆನೋವೇ ಇಲ್ಲ. ಅವರದು ತೆಂಗಿನಕಾಯಿ ಹಾಲು. ತೆಳುವಾದ ಎರಡನೇ ಹಾಲಲ್ಲಿ ಅಕ್ಕಿ ಬೇಯುತ್ತದೆ, ಬೆಲ್ಲ ಸೇರಿ ಹದವಾದ ಮೇಲೆ ಗಟ್ಟಿಯಾದ ಮೊದಲ ಹಾಲು. ಅದನ್ನು ಹಾಕಿ ಒಮ್ಮೆ ಆವಿ ಎದ್ದರೆ ಸಾಕು. ಹೆಚ್ಚು ಕುದಿಸಿದರೆ ಎಣ್ಣೆ ಬಿಡುತ್ತದೆ. ನಿಜ ಹೇಳಬೇಕೆಂದರೆ ಬೆಲ್ಲಕ್ಕೆ ಹಸುವಿನ ಹಾಲಿಗಿಂತ ಇದೇ ಒಳ್ಳೆಯ ಜೋಡಿ.

ಬಣ್ಣಕ್ಕೆ ಮರುಳಾಗಿ ತೀರಾ ಬಿಳಿ ಹಳದಿ ಬೆಲ್ಲ ತರಬೇಡಿ. ಕಪ್ಪಗಿರುವುದರಲ್ಲೇ ಘಮ ಇರುವುದು. ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿ ಎಲ್ಲ ನಿಮ್ಮಿಷ್ಟ. ಪಚ್ಚ ಕರ್ಪೂರ ಮಾತ್ರ ಸಾಸಿವೆ ಕಾಳಿನಷ್ಟು. ಜಾಸ್ತಿಯಾದರೆ ಪಾಯಸ ಕಹಿ.

ಇಳಿಸುವಾಗ ಪಾಯಸ 'ಇಷ್ಟು ನೀರಾಯ್ತಲ್ಲ' ಅನ್ನಿಸುವಷ್ಟು ತೆಳ್ಳಗಿರಲಿ. ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಎಲೆಗೆ ಬರುವ ಹೊತ್ತಿಗೆ ಅದು ಪಕ್ಕದ ಕೋಸಂಬರಿಯ ಕಡೆ ಹರಿಯದೆ ಇದ್ದ ಜಾಗದಲ್ಲೇ ಕೂತಿರುತ್ತದೆ.